ನಂಬರು ಇನ್ನೂರ ಹದಿನಾಲ್ಕರ ನಿದ್ದೆ

ಹರಿದಾಸನ ತಾಪತ್ರಯಕ್ಕೆಲ್ಲ ಮೂಲ ಒಂದು ಬೆತ್ತದ ಬುಟ್ಟಿ.

ಬೆಳಗಿನ ಜಾವ ಮದರಾಸಿನ ಎಗ್ಮೋರಿಗೆ ಬರುವ ರೈಲೊಂದರಲ್ಲಿ, ಮೂರನೇ ದರ್ಜೆಯ ಬೆಂಚಿನ ಕೆಳಗೆ, ಯಾರೋ ಅದನ್ನು ಮರೆತುಹೋಗಿದ್ದರು. ಹೀಗೆ ರೈಲಿನಲ್ಲಿ ಮರೆತ ಕೊಡೆ, ಕೋಲು, ಕನ್ನಡಕ, ಕಟ್ಟಿಸಿದ ಹಲ್ಲುಗಳೆಲ್ಲ ಕೊನೆಗೆ ಬಂದು ಸೇರುವುದು ವಾರಸುದಾರರಿಲ್ಲದ ಸಾಮಾನಿನ ಕೋಣೆಗೆ. ಆ ಕೋಣೆಯ ಗುಮಾಸ್ತ ಹರಿದಾಸ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಅವನು ಒಮ್ಮೆ ಒಂದು ತಂಬೂರಿಯನ್ನೂ ಇನ್ನೊಮ್ಮೆ ಒಬ್ಬ ಅಜ್ಜಿಯನ್ನೂ ರಿಜಿಸ್ಟರಿಗೆ ಏರಿಸಿದ್ದವನು. ಬುಟ್ಟಿಯ ಮುಚ್ಚಳ ತೆಗೆಯುವಾಗ ಅವನಿಗೆ ಅಳುಕೇನೂ ಆಗಲಿಲ್ಲ. ಒಳಗಿನಿಂದ ಕಂದು ಬಣ್ಣದ ಒಂದು ಮೂತಿ ಹೊರಗೆ ಬಂದು ಅವನ ಹೆಬ್ಬೆರಳನ್ನು ಚೀಪಿತು. 'ನಂಬರು ೨೧೪. ಬೆತ್ತದ ಬುಟ್ಟಿ ಒಂದು. ಅದರೊಳಗೆ ನಾಯಿಮರಿ ಒಂದು. ಸ್ಥಿತಿ: ಜೀವಂತ' ಎಂದು ಬರೆದು, ಕೊರಳಿಗೆ ಚೀಟಿ ಕಟ್ಟಿದ.

ಕಾಯಿದೆಯ ಪ್ರಕಾರ ವಾರಸುದಾರ ಬರುವವರೆಗೆ, ಅಂದರೆ ಒಂದು ತಿಂಗಳ ಕಾಲ, ಸಾಮಾನನ್ನು ಜೋಪಾನವಾಗಿ ಇಡಬೇಕು. ಇದು ಬೀರುವಿನಲ್ಲಿ ಇಡುವಂಥ ಸಾಮಾನಲ್ಲ. "ನಿಮ್ಮ ಮನೇಲೇ ಇಟ್ಕೊಳ್ರೀ. ಹೇಗೂ ಹೆಂಡತಿ ಊರಲ್ಲಿಲ್ಲ, ಜಾಗ ಇದ್ದೇ ಇರುತ್ತೆ" ಎಂದು ಮೇಲಧಿಕಾರಿ ಅಪ್ಪಣೆ ಕೊಡಿಸಿದರು.

ಹೆಂಡತಿ ಸೀತಾ ಚೊಚ್ಚಲ ಹೆರಿಗೆಗೆಂದು ಕುಂಭಕೋಣದ ತವರಿಗೆ ಹೋಗಿದ್ದಳು. ಹೊರಡುವಾಗ ರೈಲಿನ ಕಿಟಕಿಯಿಂದ, "ಕೂಸು ಬಂದಮೇಲೆ ರಾತ್ರಿ ನಿದ್ದೆ ಇರಲ್ಲವಂತೆ. ಈಗಲೇ ಚೆನ್ನಾಗಿ ಮಲಗಿಕೊಂಡುಬಿಡಿ" ಎಂದು ಬುದ್ಧಿ ಹೇಳಿದ್ದಳು. ಹರಿದಾಸ ಆ ಬುದ್ಧಿಮಾತಿನಂತೆ ಸರಿಯಾಗಿ ನಾಲ್ಕು ರಾತ್ರಿ ಮಲಗಿದ. ಐದನೆಯ ದಿನ ಬುಟ್ಟಿ ಬಂತು.

ಮರಿ ಸಾಧುವೇ. ಹಗಲು ಅದರಿಂದ ಯಾರಿಗೂ ಉಪದ್ರವಿಲ್ಲ; ಮನೆಯಿಂದ ಮನೆಗೆ ಬಾಲ ಅಲ್ಲಾಡಿಸುತ್ತ ಹೋಗಿ ಎಲ್ಲರ ಪಾದ ನೆಕ್ಕಿ ಬರುತ್ತಿತ್ತು. ಕೊರಳಿನ ಚೀಟಿ ನೋಡಿ ಎಲ್ಲರೂ ಅದನ್ನು 'ನಂಬರು' ಎಂದೇ ಕರೆಯತೊಡಗಿದ್ದರು. ರಾತ್ರಿ ಹತ್ತು ಹೊಡೆಯಿತೆಂದರೆ ಮಾತ್ರ ಅದರೊಳಗೆ ಯಾರೋ ಕೀಲಿ ಕೊಟ್ಟಂತಾಗುತ್ತಿತ್ತು. ತಾಯಿಯನ್ನು ನೆನೆದು ಅಳುವ ಅಳುವಲ್ಲ ಅದರದು. ಚಂದ್ರನಿಗೆ ಬೊಗಳುವುದು, ಕಂಬಕ್ಕೆ ಬೊಗಳುವುದು, ತನ್ನ ಬಾಲವನ್ನು ಅಟ್ಟಿಸಿಕೊಂಡು ಅಂಗಳದಲ್ಲಿ ನಲವತ್ತು ಸುತ್ತು ಹಾಕಿ, ಬಾಲ ಸಿಕ್ಕಲಿಲ್ಲವೆಂದು ಊಳಿಡುವುದು. ಹೀಗೆ ಹನ್ನೊಂದು ರಾತ್ರಿ ಕಳೆದಿದ್ದವು. ಹರಿದಾಸನ ಕಣ್ಣು ಮಾಗಿದ ಟೊಮೇಟೊ ಆಗಿತ್ತು.

ಶನಿವಾರ ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಅಮ್ಮಣ್ಣಿ ಅವನನ್ನು ಹಿಡಿದರು.

ತಿರುವಲ್ಲಿಕ್ಕೇಣಿಯ ಆ ಸ್ಟೋರಿನ, ಎಂದರೆ ಒಂದೇ ಅಂಗಳದ ಸುತ್ತ ಐದು ಸಂಸಾರಗಳು ವಾಸವಾಗಿದ್ದ ಆ ಮನೆಯ, ಒಡತಿ ಅಮ್ಮಣ್ಣಿ. ಅವರ ಅಜ್ಜನ ಕಾಲದಲ್ಲಿ ಮೈಸೂರು ಕಡೆಯಿಂದ ಬಂದ ಅಯ್ಯಂಗಾರರ ಮನೆತನ. ಅವರ ಮಾತು ಕನ್ನಡದಲ್ಲಿ ಹೊರಟು, ಕೋಪ ಏರಿದ ಹಾಗೆ ತಮಿಳಿನತ್ತ ಸಾಗುತ್ತಿತ್ತು. ಬಾಡಿಗೆಯವರು ಅವರ ಮುಖ ನೋಡುತ್ತಿರಲಿಲ್ಲ. ಮಾತಿನಲ್ಲಿ ತಮಿಳು ಎಷ್ಟು ಬೆರೆತಿದೆ ಎಂದು ಕೇಳಿ ಅಪಾಯವನ್ನು ಅಂದಾಜು ಮಾಡುತ್ತಿದ್ದರು.

"ಹರಿದಾಸು, ಇಲ್ಲಿ ಬಾಪ್ಪಾ. ಹನ್ನೊಂದು ರಾತ್ರಿ ಆಯ್ತು, ಎಣಿಸ್ತಾ ಇದೀನಿ. ನಿದ್ರೆ ಕೆಟ್ಟು ಸಹಸ್ರನಾಮ ಮಧ್ಯದಲ್ಲಿ ಮರೆತುಹೋಗ್ತಿದೆ. ನಿನ್ನೆ ಆರುನೂರರ ಹತ್ರ ನಿಂತುಬಿಟ್ಟೆ."

"ಏನ್ಮಾಡ್ಲಿ ಮಾಮಿ, ಅದು ಸರ್ಕಾರಿ ಸಾಮಾನು..."

"ಸರ್ಕಾರಿ ಸಾಮಾನು ಅಂದ್ರೆ ಸರ್ಕಾರದ ಹಾಗೆ ತೂಂಗಬೇಕು ತಾನೇ? ಇದು ಮಾತ್ರ ಯಾಕೆ ಎಚ್ಚರವಾಗಿರತ್ತೆ?" ಎಂದರು. ತಮಿಳಿನ ನಿದ್ದೆ ಮಾತಿನೊಳಗೆ ಇಳಿದದ್ದನ್ನು ಗಮನಿಸಿ ಹರಿದಾಸ ಎರಡು ಹೆಜ್ಜೆ ಹಿಂದೆ ಸರಿದ. "ಇದೋ ಪಾರು. ಇನ್ನಿಕ್ಕಿ ರಾತ್ತಿರಿ ಒರು ಸತ್ತಂ ವಂದುದೋ, ವೀಟ್ಟೈ ಕಾಲಿ ಪಣ್ಣು!"

ಪೂರ್ತಿ ತಮಿಳು. ಇನ್ನು ಮೇಲ್ಮನವಿ ಇಲ್ಲ. ಇವತ್ತು ರಾತ್ರಿ ಒಂದು ಸದ್ದು ಬಂದರೆ ಮನೆ ಖಾಲಿ ಮಾಡಬೇಕು. ನಾಳೆ ಮುಂಜಾನೆ ಪಾರ್ಥಸಾರಥಿ ಗುಡಿಯ ಗಂಟೆ ಬಾರಿಸುವವರೆಗೆ ಗಡುವು.

ಈ ಒಂದೂವರೆ ಕೋಣೆ ಸಿಗಬೇಕಾದರೆ ಹರಿದಾಸ ಮದರಾಸಿನ ಬೀದಿಗಳಲ್ಲಿ ಎರಡು ವರ್ಷ ಚಪ್ಪಲಿ ಸವೆಸಿದ್ದ. ಇನ್ನು ಕೆಲವು ತಿಂಗಳಲ್ಲಿ ಸೀತಾ ಕೂಸನ್ನು ಎತ್ತಿಕೊಂಡು ಬರುವಾಗ ಅವಳನ್ನು ಇಳಿಸಿಕೊಳ್ಳುವುದೆಲ್ಲಿ? ವಾರಸುದಾರರಿಲ್ಲದ ಸಾಮಾನಿನ ಕೋಣೆಯಲ್ಲೇ?

"ಮಾಮಿ ಹಾಗೇ ಹೇಳ್ತಾರೆ ಕಣೋ ಹರೀ, ಮನಸ್ಸು ಬೆಣ್ಣೆ" ಎಂದು ತಾಯಿ ರಮಾಬಾಯಿ ಸಮಾಧಾನ ಹೇಳಿದರು. ನಂಬರು ಅವರ ಸೆರಗಿನ ಮರೆಯಲ್ಲಿ ಕೂತು ತುಟಿ ನೆಕ್ಕಿಕೊಳ್ಳುತ್ತಿತ್ತು.

ಕಚೇರಿಯಲ್ಲಿ ಹರಿದಾಸ ಕೂತದ್ದೊಂದು ಗೊತ್ತು. ಎಚ್ಚರವಾದಾಗ ಎದುರಿಗೆ ಒಬ್ಬ ಗೃಹಸ್ಥರು ತಮ್ಮ ಕೊಡೆಗಾಗಿ ಕಾಯುತ್ತ ನಿಂತು, ಅವನ ಹಣೆಯನ್ನೇ ಓದಲು ಹೆಣಗುತ್ತಿದ್ದರು. ಮೇಜಿನ ಮೇಲೆ ಅಂಗಾತ ಬಿದ್ದಿದ್ದ ರಬ್ಬರ್ ಮೊಹರಿನ ಮೇಲೆ ಹಣೆಯಿಟ್ಟು ಅವನು ನಿದ್ದೆಹೋಗಿದ್ದ. ಅಂಗಾರ ಅಕ್ಷತೆಯ ಪಕ್ಕದಲ್ಲಿ 'ವಾರಸುದಾರರಿಲ್ಲ' ಎಂಬ ಅರ್ಥದ ಇಂಗ್ಲಿಷ್ ಮುದ್ರೆ ನೇರಳೆ ಮಸಿಯಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಸರ್ಕಾರಿ ಮಸಿ.

"ಗಡಿಯಾರ!" ಎಂದ ಪಕ್ಕದ ಮೇಜಿನ ಪಂಢರಿನಾಥ.

ಪ್ರಯಾಣಿಕರು ರೈಲಿನಲ್ಲಿ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ಓದಿ ಓದಿ ಪಂಡಿತನಾದವನು ಪಂಢರಿನಾಥ. ಅವನ ಜ್ಞಾನಕ್ಕೂ ಬೇರೆ ವಾರಸುದಾರರಿರಲಿಲ್ಲ.

"ಒಂದು ಅಲಾರಂ ಗಡಿಯಾರಾನ ಟವಲಿನಲ್ಲಿ ಸುತ್ತಿ ಮರಿ ಪಕ್ಕ ಮಲಗಿಸು ಮಾರಾಯ. ಟಿಕ್ ಟಿಕ್ ಅನ್ನೋದನ್ನ ಅದು ತಾಯಿ ಎದೆ ಬಡಿತ ಅಂದ್ಕೊಳ್ಳುತ್ತೆ. ಇಂಗ್ಲೆಂಡಿನಲ್ಲಿ ಎಲ್ಲಾ ಹೀಗೇ."

"ನನ್ನ ಹತ್ರ ಗಡಿಯಾರ ಎಲ್ಲಿದೆ?"

"ನಂಬರು ಎಂಬತ್ತೇಳು" ಎಂದು ಪಂಢರಿನಾಥ ಬೀರು ತೆರೆದ. ಒಂದು ಸಾಮಾನನ್ನು ಜೋಪಾನ ಮಾಡಲು ಇನ್ನೊಂದು ಸಾಮಾನನ್ನು ಬಳಸಿದರೆ ಕಾಯಿದೆಯಲ್ಲಿ ಅಡ್ಡಿಯಿಲ್ಲವೆಂದು ಅವನೇ ವ್ಯಾಖ್ಯಾನ ಮಾಡಿದ. ಕೀಲಿಯನ್ನೂ ಅವನೇ ತುಂಬಿಕೊಟ್ಟ.

ಶನಿವಾರವಾದ್ದರಿಂದ ಅರ್ಧ ದಿನದ ಕಚೇರಿ. ಟ್ರಾಮು ನಿಂತು ನಾಲ್ಕು ವರ್ಷವಾದರೂ ಆ ಜನವೆಲ್ಲ ಇನ್ನೂ ಬಸ್ಸಿನೊಳಗೆ ಹಿಡಿಸಿರಲಿಲ್ಲ. ಹರಿದಾಸ ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತೇ ತೂಕಡಿಸುತ್ತಿದ್ದ. ಚಿಂತಾದ್ರಿಪೇಟೆಯ ಸೇತುವೆ ಬಂತೋ ಇಲ್ಲವೋ, ಹಿಂದಿನ ಒಡೆಯ ಯಾವ ಕಾಲದಲ್ಲೋ ಇಟ್ಟಿದ್ದ ಅಲಾರಂ ಹೊಡೆದುಕೊಂಡಿತು.

ಅದು ಟಿಕ್ ಟಿಕ್ ಎನ್ನುವ ತಾಯಿಯಾಗಿರಲಿಲ್ಲ. ಬೆಂಕಿ ಆರಿಸುವ ಗಾಡಿ ಚೀಲದೊಳಗೆ ಹೊಕ್ಕಂತಿತ್ತು. ಒಬ್ಬ ಹೆಂಗಸು ಕಿರುಚಿದಳು. ಒಬ್ಬ ಮುದುಕರು ನಿಲ್ದಾಣ ಬಂತೆಂದು ಇಳಿಯಲು ಎದ್ದರು. ಕಂಡಕ್ಟರು ಜನವನ್ನು ಸೀಳಿಕೊಂಡು ಬಂದವನು ಮೊದಲು ಚೀಲವನ್ನೂ ಆಮೇಲೆ ಹರಿದಾಸನ ಹಣೆಯನ್ನೂ ನೋಡಿದ.

"ಎನ್ನ ಸಾರ್ ಅದು?"

"ನಾಯಿಮರಿಗೆ" ಎಂದು ಹರಿದಾಸ ನಿಜವನ್ನೇ ಹೇಳಿದ. ಆ ಗಳಿಗೆಯಲ್ಲಿ ನಿಜ ಅಷ್ಟು ಉಪಯೋಗಕ್ಕೆ ಬರಲಿಲ್ಲ. ಸೀಟಿ ಊದಿತು, ಬಸ್ಸು ನಿಂತಿತು, ಅವನು ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಳಿದ.

ಮನೆ ಮುಟ್ಟುವಾಗ ಎರಡೂವರೆ. ಬಟ್ಟೆ ಬದಲಿಸುವಷ್ಟರಲ್ಲಿ ಅಂಗಳ ತುಂಬಿತ್ತು. ಅಮ್ಮಣ್ಣಿಯ ಗಡುವಿನ ಸುದ್ದಿ ಎಲ್ಲರಿಗೂ ತಿಳಿದಿತ್ತು. ಎಲ್ಲರಲ್ಲೂ ಔಷಧಿ ಇತ್ತು.

ಮೊದಲು ಗಡಿಯಾರ. ಟವಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ನಂಬರು ಒಂದು ಕಿವಿಯೆತ್ತಿ ಕೇಳಿತು, ಮತ್ತೊಂದು ಕಿವಿಯೆತ್ತಿ ಕೇಳಿತು. ಆಮೇಲೆ ಟವಲನ್ನು ಹರಿದು ತಾಯಿಯ ಗಾಜು ಒಡೆದು, ಚಿಕ್ಕ ಮುಳ್ಳನ್ನು ಬಾಯಲ್ಲಿ ಕಚ್ಚಿಕೊಂಡು ಓಡಿತು.

"ಯಂತ್ರಕ್ಕೆಲ್ಲ ಅದು ಬಗ್ಗಲ್ಲ" ಎಂದಳು ಎದುರು ಮನೆಯ ಸುಗುಣಾ. ಅವಳು ಬೀದಿಯ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದಳು. "ನೀಲಾಂಬರಿ ಬಾರಿಸ್ತೀನಿ ಇರಿ. ಎಂಥಾ ಹಟದ ಮಗೂನೂ ಹತ್ತು ನಿಮಿಷದಲ್ಲಿ ಮಲಗಿಬಿಡತ್ತೆ."

ಸುಗುಣಾಳ ನೀಲಾಂಬರಿ ನಿಜಕ್ಕೂ ದೊಡ್ಡ ನೀಲಾಂಬರಿ. ಐದೇ ನಿಮಿಷದಲ್ಲಿ ಹರಿದಾಸ ಕಂಬಕ್ಕೊರಗಿ ನಿಂತಲ್ಲೇ ಗೊರಕೆ ಹೊಡೆದ. ನಂಬರು ಮಾತ್ರ ಪಿಟೀಲಿನ ಎದುರು ಕುಕ್ಕರಗಾಲಿನಲ್ಲಿ ಕೂತು, ಕತ್ತೆತ್ತಿ, ಮೇಲಿನ ಸ್ಥಾಯಿಯಲ್ಲಿ ಜೊತೆಗೆ ಹಾಡಿತು.

"ರಾಗ ಗೊತ್ತಿಲ್ಲ" ಎಂದು ಸುಗುಣಾ ಕಮಾನು ಕೆಳಗಿಟ್ಟಳು. "ಶ್ರುತಿ ಮಾತ್ರ ಶುದ್ಧವಾಗಿದೆ. ನನ್ನ ಶಿಷ್ಯೆಯರಲ್ಲಿ ಇಬ್ಬರಿಗೆ ಅಷ್ಟೂ ಇಲ್ಲ."

"ದೃಷ್ಟಿ ತಾಗಿದೆ ಕಣೋ" ಎಂದು ರಮಾಬಾಯಿ ಕೆಂಡದ ಮೇಲೆ ಉಪ್ಪು, ಒಣಮೆಣಸಿನಕಾಯಿ ಹಾಕಿ ನಿವಾಳಿಸಿದರು. ಐದೂ ಸಂಸಾರ ಕೆಮ್ಮಿ ಕೆಮ್ಮಿ ಬೀದಿಗೆ ಬಂತು. ನಂಬರು ಏಳು ಸಲ ಸೀನಿ, ಗಂಟಲು ಹಗುರಾದಂತೆ ಎರಡರಷ್ಟು ಜೋರಾಗಿ ಬೊಗಳಿತು.

ಈ ಹೊಗೆಯ ನಡುವೆ ರಘುರಾಮ ಬಂದ. ಸ್ಟೋರಿನ ಮೂಲೆಮನೆಯವನು; ಉಡುಪಿಯ ಕಡೆಯಿಂದ ಬಂದು ಪಕ್ಕದ ಬೀದಿಯ ಹೋಟೆಲಿನಲ್ಲಿ ಕಾಫಿಯ ಕಟ್ಟೆ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನದ ಬಿಡುವಿಗೆ ಬಂದವನು ತನ್ನ ಹಿಂದೆ ಒಬ್ಬ ದಪ್ಪ ಕನ್ನಡಕದವರನ್ನು ಕರೆತಂದಿದ್ದ.

"ಹರಿದಾಸರೆ, ನೀವಿನ್ನು ಎಂತದ್ದೂ ಮಾಡುದು ಬೇಡ ಮಾರಾಯ್ರೆ. ಡಾಕ್ಟ್ರನ್ನೇ ಹಿಡ್ಕೊಂಡು ಬಂದಿದ್ದೇನೆ. ವೇಪೇರಿ ಪ್ರಾಣಿ ಆಸ್ಪತ್ರೆಯವ್ರು, ದನ, ಕುದುರೆ, ನಾಯಿ ಎಲ್ಲ ನೋಡ್ತಾರೆ. ನಮ್ಮಲ್ಲಿಗೆ ಶನಿವಾರ ಶನಿವಾರ ಗೋಳಿಬಜೆಗೆ ಬರ್ತಾರೆ. ಇವತ್ತಿನ ಬಜೆ ಬಿಸಿ ಆಗ್ಲಿಕ್ಕೆ ಹೊತ್ತುಂಟು, ಅಷ್ಟರೊಳಗೆ ನೋಡಿ ಬರುವ ಅಂತ ಹೇಳಿದೆ."

ಡಾಕ್ಟರ ಹೆಸರು ಕೃಷ್ಣರಾಜ, ಮೈಸೂರಿನವರು. ಅವರು ನಂಬರಿನ ನಾಲಗೆ, ಕಿವಿ, ಹೊಟ್ಟೆ ನೋಡಿ, ಎದೆಗೆ ಕೈಯಿಟ್ಟು ಹುಬ್ಬೇರಿಸಿದರು.

"ಎದೆ ಓಟದ ಕುದುರೆ ಹಾಗೆ ಹೊಡ್ಕೊಳ್ತಿದೆಯಲ್ರೀ. ಏನು ತಿನ್ನಿಸ್ತೀರಿ?"

"ಮೊಸರನ್ನ" ಎಂದರು ರಮಾಬಾಯಿ.

"ಕುಡಿಯೋದಕ್ಕೆ? ಹಾಲು ತಾನೆ?"

"ಬರೀ ಹಾಲು ಮೂಸಲ್ಲಪ್ಪ ಅದು. ಅದಕ್ಕೇ ಒಂದು ಚೂರು..." ಎಂದು ರಮಾಬಾಯಿ ನಿಲ್ಲಿಸಿದರು.

"ಒಂದು ಚೂರು ಏನಮ್ಮಾ?"

"ಡಿಕಾಕ್ಷನ್ನು. ನಾವು ಕುಡಿಯುವಾಗ ಎದುರಿಗೆ ಕೂತು ಬಾಯಿ ನೋಡುತ್ತೆ. ನೋಡೋ ಜೀವಕ್ಕೆ ಕೊಡದೆ ಕುಡಿದರೆ ನಮಗೆ ದಕ್ಕುತ್ತೇನಪ್ಪ? ಬೆಳಿಗ್ಗೆ ಒಂದು ಲೋಟ, ಮೂರು ಗಂಟೆಗೆ ಒಂದು ಲೋಟ. ಅಷ್ಟೇ."

ಡಾಕ್ಟರು ಕನ್ನಡಕ ತೆಗೆದರು. ಸುಗುಣಾ ಸೆರಗಿನ ಅಂಚು ತಿರುಚುತ್ತ, "ನಾನು ಎರಡನೇ ಡಿಕಾಕ್ಷನ್ನಿಂದು ಕೊಡ್ತಿದ್ದೆ. ಪಾಠ ಮುಗಿದ ಮೇಲೆ, ದಿನಾ ಎರಡು ಲೋಟ" ಎಂದಳು. ರಘುರಾಮ ಕೆಮ್ಮಿದ. "ಹೋಟ್ಲಿಂದ ಬರುವಾಗ ಒಂದು ಚೆಂಬು ತರುದುಂಟು. ಪಾಪದ್ದು ಬಾಗಿಲಲ್ಲೇ ಕಾಯ್ತದೆ. ಅರ್ಧ ನಂಗೆ, ಅರ್ಧ ಅದಕ್ಕೆ."

ಹರಿದಾಸನಿಗೆ ತಲೆ ತಗ್ಗಿಸದೆ ಗತಿಯಿರಲಿಲ್ಲ. ರಾತ್ರಿಯಿಡೀ ಕುಣಿದ ಮರಿಯನ್ನು ಸುಮ್ಮನಾಗಿಸಲು ಬೆಳಗ್ಗೆ ಐದಕ್ಕೆ ತನ್ನ ಲೋಟದ ಅರ್ಧ ಕಾಫಿಯನ್ನು ಅವನೇ ಅದರ ಬಟ್ಟಲಿಗೆ ಸುರಿಯುತ್ತಿದ್ದ.

ಎಲ್ಲರ ಕಣ್ಣೂ ಅಮ್ಮಣ್ಣಿಯ ಕಡೆ ಹೊರಳಿದವು.

"ನನ್ನನ್ನೇನು ನೋಡ್ತೀರಿ? ನಾನು ಕೊಟ್ಟದ್ದು ಕಾಫಿ ಅಲ್ಲ. ಬರೀ ನೊರೆ."

"ಎಷ್ಟು ಲೋಟದ ನೊರೆ ಅಮ್ಮಾ?" ಎಂದರು ಡಾಕ್ಟರು.

"ಮೂರು. ರಾತ್ರಿ ಒಂಬತ್ತಕ್ಕೆ. ಗಟ್ಟಿಯಾಗಿ, ಮೊದಲನೇ ಡಿಕಾಕ್ಷನ್ನಲ್ಲಿ. ಎಳೆಗೂಸಿಗೆ ನೀರು ಕಾಫಿ ಕೊಡಕ್ಕಾಗುತ್ತಾ?" ಎಂದು ಅಮ್ಮಣ್ಣಿ ಮೆತ್ತಗೆ ನುಡಿದರು. ಒಂದು ತಮಿಳು ಶಬ್ದವೂ ಬೆರೆಯದ ಕನ್ನಡ. ಸ್ಟೋರಿನವರು ಅದನ್ನು ಕೇಳಿದ್ದು ಅದೇ ಮೊದಲು.

ಡಾಕ್ಟರು ಬೆರಳು ಮಡಿಚಿ ಒಟ್ಟುಹಾಕಿ, "ಏನಿಲ್ಲ ಅಂದರೂ ಎಂಟು ಲೋಟ! ನಾನೇ ಇಷ್ಟು ಕುಡಿಯಲ್ಲ" ಎಂದರು. ಒಂದು ಬಟ್ಟಲು ಬರಿಯ ಹಾಲು ತರಿಸಿ ಮುಂದಿಟ್ಟರು. ನಂಬರು, ಅಳಿಯನಿಗೆ ತಂಗಳು ಬಡಿಸಿದಂತೆ, ಮುಖ ತಿರುವಿತು. ಅದಕ್ಕೆ ಎರಡು ಹನಿ ಡಿಕಾಕ್ಷನ್ ಬಿಟ್ಟರು. ಬಟ್ಟಲು ತಿಕ್ಕಿ ತೊಳೆದಂತಾಯಿತು.

"ಕಾಯಿಲೆಯೂ ಇಲ್ಲ, ದೃಷ್ಟಿಯೂ ಇಲ್ಲ. ಕಾಫಿ ನಿಲ್ಲಿಸಿ, ಮಲಗುತ್ತೆ" ಎಂದು ಹೇಳಿ ಡಾಕ್ಟರು ಗೋಳಿಬಜೆಯ ಕಡೆ ಹೊರಟುಹೋದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ನಾಲ್ಕು ಗಂಟೆಗೆ ಒಂದು ಮನೆಯ ಫಿಲ್ಟರಿನ ಮುಚ್ಚಳ ತೆಗೆದದ್ದೇ ತಡ, ನಂಬರು ಆ ಹೊಸ್ತಿಲಿಗೆ ಹಾರಿ ಹೋಗಿ ಹೆತ್ತವರನ್ನು ಕಳೆದುಕೊಂಡಂತೆ ಗೋಳಿಟ್ಟಿತು. ಬಾಗಿಲು ಹಾಕಿದರು, ಸಂದಿಗೆ ಮೂಗಿಟ್ಟು ಗೋಳಿಟ್ಟಿತು. ಪರಿಮಳ ಇರುವವರೆಗೆ ಗೋಳು ನಿಲ್ಲುವಂತಿರಲಿಲ್ಲ.

ಅಮ್ಮಣ್ಣಿ ಅಂಗಳದ ನಡುವೆ ನಿಂತು ತೀರ್ಪು ಕೊಟ್ಟರು: ಇವತ್ತು ಸ್ಟೋರಿನಲ್ಲಿ ಯಾರೂ ಕಾಫಿ ಮಾಡಕೂಡದು, ಕುಡಿಯಕೂಡದು. "ಏಕಾದಶಿ ಮಾಡೋರು ನಾವು. ಒಂದು ಹೊತ್ತು ಕಾಫಿ ಬಿಡಕ್ಕಾಗಲ್ವೇ?"

ಎಲ್ಲರೂ ಬಿಡಬಹುದೆಂದರು. ಏಕಾದಶಿಯ ದಿನ ಆ ಸ್ಟೋರಿನಲ್ಲಿ ಅನ್ನ ಬಿಡುತ್ತಿದ್ದರು, ಹುಳಿ ಬಿಡುತ್ತಿದ್ದರು, ಕೆಲವರು ನೀರನ್ನೂ ಬಿಡುತ್ತಿದ್ದರು. ಕಾಫಿ ಮಾತ್ರ ಆಹಾರದ ಲೆಕ್ಕಕ್ಕೆ ಸೇರುವುದಿಲ್ಲವೆಂದು ಹಿರಿಯರು ಯಾವ ಕಾಲದಲ್ಲೋ ತೀರ್ಮಾನಿಸಿದ್ದರೆಂಬುದು ಆ ಹೊತ್ತಿಗೆ ಯಾರ ನೆನಪಿಗೂ ಬರಲಿಲ್ಲ. ಪಕ್ಕದ ಬೀದಿಯ ಹೋಟೆಲಿಗೆ ಹೋಗಿ ಬರಬಹುದಿತ್ತು. ಆದರೆ ಮೊದಲು ಎದ್ದು ಹೋಗುವವರು ಯಾರು? ಒಬ್ಬೊಬ್ಬರೂ ಇನ್ನೊಬ್ಬರ ಬಾಗಿಲ ಮೇಲೆ ಕಣ್ಣಿಟ್ಟು, ವ್ರತಸ್ಥರ ಮುಖ ಹೊತ್ತು ಕೂತರು. ರಘುರಾಮನನ್ನು ಮಾತ್ರ ಅಮ್ಮಣ್ಣಿ ರಾತ್ರಿ ಹೋಟೆಲಿನಲ್ಲೇ ಮಲಗಲು ಕಳಿಸಿಬಿಟ್ಟರು. ಹತ್ತು ವರ್ಷ ಕಾಫಿಯ ಹಬೆಯಲ್ಲಿ ನಿಂತು ಅವನ ಮೈಯೇ ಡಿಕಾಕ್ಷನ್ ಆಗಿತ್ತು.

ನಂಬರು ಸಂಜೆಯವರೆಗೆ ಮನೆಮನೆ ಸುತ್ತಿ, ಬರಿಗೈಯ ಜನವನ್ನು ನಂಬಲಾರದೆ ನೋಡಿ, ಎಂಟು ಗಂಟೆಗೆ ಹರಿದಾಸನ ಚಾಪೆಯ ಮೇಲೆ ಮಗುಚಿಕೊಂಡಿತು. ಹತ್ತಾಯಿತು, ಏಳಲಿಲ್ಲ. ಹನ್ನೊಂದಾಯಿತು, ಏಳಲಿಲ್ಲ. ಹನ್ನೊಂದು ರಾತ್ರಿಯ ಬಾಕಿ ನಿದ್ದೆಯನ್ನು ಒಟ್ಟಿಗೆ ತೀರಿಸುವಂತೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹರಿದಾಸ ಸದ್ದಾಗದಂತೆ ಅದರ ಪಕ್ಕ ಒರಗಿ, ದೇವರೇ ಎಂದು ಕಣ್ಣು ಮುಚ್ಚಿದ.

ಆಗ ಎಡಗಣ್ಣಿನ ಹಿಂದೆ ಯಾರೋ ಮೊಳೆ ಬಡಿದಂತಾಯಿತು.

ಮಗ್ಗುಲಾದ. ಮೊಳೆ ಬಲಗಡೆಗೆ ಬಂತು. ಬೆಳಗ್ಗೆ ಐದರ ಆ ಅರ್ಧ ಲೋಟದ ನಂತರ ಕಾಫಿ ಕಾಣದ ತಲೆ. ಅದು ತನ್ನ ಹಕ್ಕು ಕೇಳುತ್ತಿತ್ತು. ಹನ್ನೆರಡಕ್ಕೆ ತಲೆಗೆ ಪಂಚೆ ಬಿಗಿದುಕೊಂಡು ಅಂಗಳಕ್ಕೆ ಬಂದರೆ, ಅಲ್ಲಿ ತಾಯಿ ಮೊದಲೇ ಬಂದು ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡು ಕೂತಿದ್ದರು. ಸುಗುಣಾ ಕಂಬಕ್ಕೆ ತಲೆ ಒತ್ತಿಕೊಂಡಿದ್ದಳು. ಬಾವಿಕಟ್ಟೆಯ ಮೇಲೆ ಎರಡು ಸಂಸಾರ ಲವಂಗದ ಲೇಪ ಬಳಿದುಕೊಂಡು ಮೌನವಾಗಿ ಕೂತಿತ್ತು. ಒಂದು ಗಂಟೆಗೆ ಅಮ್ಮಣ್ಣಿಯೂ ಬಂದರು, ಕಣ್ಣಿನವರೆಗೆ ಒದ್ದೆಬಟ್ಟೆ.

"ಮಲಗಿದ್ಯಾ?" ಎಂದು ಪಿಸುಗುಟ್ಟಿದರು.

"ಮಲಗಿದೆ ಮಾಮಿ."

"ಹಾಗಿದ್ರೆ ಸದ್ದು ಮಾಡಬೇಡಿ. ಎದ್ದುಬಿಟ್ಟೀತು."

ಆ ರಾತ್ರಿ ಐದು ಸಂಸಾರ ಅಂಗಳದಲ್ಲಿ ಸಾಲಾಗಿ ಕೂತು, ನರಳುವುದಿದ್ದರೂ ಸೆರಗಿನೊಳಗೆ ನರಳುತ್ತ, ಒಂದು ನಾಯಿಯ ನಿದ್ದೆಯನ್ನು ಕಾಯಿತು. ಒಳಗಿನಿಂದ ನಂಬರಿನ ಗೊರಕೆ ತಾಳ ತಪ್ಪದೆ ಬರುತ್ತಿತ್ತು.

ನಾಲ್ಕೂಕಾಲಿಗೆ ಬೀದಿಬಾಗಿಲಲ್ಲಿ ರಘುರಾಮನ ತಲೆ ಕಾಣಿಸಿತು. ಒಳಗೆ ಕಾಲಿಡದೆ ಅಲ್ಲಿಂದಲೇ ಪಿಸುಮಾತಿನಲ್ಲಿ ಹೇಳಿದ: "ಮೊದಲನೇ ಡಿಕಾಕ್ಷನ್ ಇಳಿದಿದೆ. ಹಾಲು ಉಕ್ಕಿ ಬಂತು. ಬರುದಾದ್ರೆ ಬನ್ನಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಎದ್ದವರು ಅಮ್ಮಣ್ಣಿ. ಜನ್ಮದಲ್ಲಿ ಹೋಟೆಲಿನ ಮೆಟ್ಟಿಲು ತುಳಿಯದ ಮಡಿಯ ಹೆಂಗಸು ಒದ್ದೆಬಟ್ಟೆಯ ಸಮೇತ ಹೊರಟರು. ಅವರ ಹಿಂದೆ ಐದೂ ಸಂಸಾರ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಳ್ಳರ ಗುಂಪಿನಂತೆ ಸಾಲಾಗಿ ನಡೆಯಿತು. ಹರಿದಾಸನೂ ಎದ್ದ.

"ನೀನೆಲ್ಲಿಗೆ?" ಎಂದು ಅಮ್ಮಣ್ಣಿ ತಿರುಗಿದರು. "ಅದು ಕಣ್ಣುಬಿಟ್ಟಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ರೆ ಕೂಗಲ್ವಾ? ಗುಡಿ ಗಂಟೆ ಇನ್ನೂ ಆಗಿಲ್ಲ. ಹೋಗಿ ಅದರ ಹತ್ರ ಕೂತುಕೋ."

ಮನೆ ಯಾರದು ಎಂದು ನೆನೆದು ಹರಿದಾಸ ಮರಳಿ ಹೋಗಿ ಚಾಪೆಯ ಮೇಲೆ ಕೂತ. ನಂಬರು ನಿದ್ದೆಯಲ್ಲೇ ಹೊರಳಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಕಾಲು ಜೋಮು ಹಿಡಿಯಿತು, ಅಲ್ಲಾಡಿಸುವಂತಿರಲಿಲ್ಲ. ಪಕ್ಕದ ಬೀದಿಯಲ್ಲಿ ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯುವ ಸದ್ದು ಅವನಿಗೆ ಒಂದೊಂದಾಗಿ ಕೇಳಿಸುತ್ತಿತ್ತು, ಅಥವಾ ಕೇಳಿಸಿದಂತಾಗುತ್ತಿತ್ತು. ಆದರೂ ಒಂದು ಸಮಾಧಾನ: ಇನ್ನು ಹತ್ತು ನಿಮಿಷ. ಗಂಟೆಯೊಂದು ಬಾರಿಸಿಬಿಟ್ಟರೆ ಮನೆ ಉಳಿಯಿತು. ಸೀತಾ ಕೂಸಿನೊಂದಿಗೆ ನೆಟ್ಟಗೆ ಇಲ್ಲಿಗೇ ಬರಬಹುದು. ಆ ಸಮಾಧಾನದಲ್ಲಿ ಮೊಳೆಯ ನೋವೂ ಒಂದಿಷ್ಟು ತಗ್ಗಿ, ಹನ್ನೆರಡು ದಿನದಲ್ಲಿ ಮೊದಲ ಬಾರಿಗೆ ತನ್ನ ಚಾಪೆಯ ಮೇಲೆ ಅವನ ರೆಪ್ಪೆ ತಾನಾಗಿ ಕೂಡಿಬಂತು.

"ಹರೀ..."

ತಾಯಿ. ಮುಖದಲ್ಲಿ ಶುಂಠಿಯ ಲೇಪ ಒಣಗಿ ಬಿರಿದಿತ್ತು. ಕಣ್ಣುಗಳಲ್ಲಿ ದೀಪ ಹೊತ್ತಿಸಿದಂತಿತ್ತು. ಅವರ ಹಿಂದೆ ಬಾಗಿಲ ತುಂಬ ಸ್ಟೋರಿನವರು, ಎಲ್ಲರೂ ಇದ್ದಕ್ಕಿದ್ದಂತೆ ಪರೋಪಕಾರಿಗಳಾಗಿ ನಗುತ್ತಿದ್ದರು. ತಾಯಿಯ ಕೈಯಲ್ಲಿ ಮುಚ್ಚಳದ ಒಂದು ಹಿತ್ತಾಳೆ ಪಾತ್ರೆ.

"ಎಲ್ಲರೂ ಕುಡಿದು ನೀನೊಬ್ಬ ಉಳಿದರೆ ಹೆತ್ತ ಹೊಟ್ಟೆಗೆ ಹೇಗಾಗುತ್ತೋ? ಬಿಸಿ ಇರುವಾಗಲೇ ಕುಡಿದುಬಿಡು."

"ಅಮ್ಮಾ, ಬೇಡ, ಅದನ್ನ ತೆಗೀಬೇ..."

ಮುಚ್ಚಳ ತೆಗೆದಾಗಿತ್ತು. ತೊಡೆಯ ಮೇಲಿನ ಕಪ್ಪು ಮೂಗು ಒಮ್ಮೆ ಮಿಡುಕಿತು. ಇನ್ನೊಮ್ಮೆ ಮಿಡುಕಿತು. ನಂಬರು ನಾಲ್ಕೂ ಕಾಲಿನ ಮೇಲೆ ಚಿಮ್ಮಿ ನಿಂತು, ಒಂದು ರಾತ್ರಿಯ ಮೌನವನ್ನೆಲ್ಲ ಸೇರಿಸಿ ಊಳಿಟ್ಟಿತು. ಆಚೆ ಬೀದಿಯ ನಾಯಿಗಳು ಅದಕ್ಕೆ ಉತ್ತರ ಕೊಟ್ಟವು.

"ಸತ್ತಂ ವಂದುಡುಚ್ಚು!" ಸದ್ದು ಬಂದೇಬಿಟ್ಟಿತೆಂದು ಅಮ್ಮಣ್ಣಿ ಪೂರ್ತಿ ತಮಿಳಿನಲ್ಲಿ ಕೂಗಿದರು. ಕೂಗಿದವರೇ ಪಾತ್ರೆಯನ್ನು ಕಸಿದು ನಂಬರಿನ ಬಟ್ಟಲಿಗೆ ಸುರಿದುಬಿಟ್ಟರು.

ಊಳು ನಿಂತಿತು. ಲಪ ಲಪ ಎಂಬ ಸದ್ದು ಬಿಟ್ಟರೆ ಎಲ್ಲೆಲ್ಲೂ ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಪಾರ್ಥಸಾರಥಿ ಗುಡಿಯ ಗಂಟೆ ನಿಧಾನವಾಗಿ ಬಾರಿಸಿತು.

ಅಮ್ಮಣ್ಣಿ ಖಾಲಿ ಪಾತ್ರೆಯನ್ನೂ ತುಂಬಿದ ಬಟ್ಟಲನ್ನೂ ನೋಡಿದರು. ಮೇಲ್ದುಟಿಗೆ ಅಂಟಿದ್ದ ನೊರೆಯನ್ನು ಸೆರಗಿನಿಂದ ಒರೆಸಿಕೊಂಡು ಕನ್ನಡಕ್ಕೆ ಇಳಿದರು.

"ಆದದ್ದು ಆಗಿಹೋಯ್ತು. ನಾನೇನು ಕಲ್ಲೇ? ಇವತ್ತು ರಾತ್ರಿ ಮಾತ್ರ ಒಂದು ಸದ್ದು ಬರಕೂಡದು ಹರಿದಾಸು. ಬಂದರೆ ಮನೆ ಖಾಲಿ ಮಾಡು."

ಭಾನುವಾರ. ಯಾರಿಗೂ ಕಚೇರಿಯಿಲ್ಲ, ಪಾಠವಿಲ್ಲ, ತಲೆನೋವಿಲ್ಲ. ಎಲ್ಲರೂ ಆಕಳಿಸುತ್ತ ತಂತಮ್ಮ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಐದು ದಿಕ್ಕಿನಿಂದ ಗೊರಕೆ ಕೇಳಿಬಂತು. ನಂಬರು ಹರಿದಾಸನ ಪಂಚೆಯ ತುದಿ ಕಚ್ಚಿ, ಅಂಗಳಕ್ಕೆ ಬಾ ಆಡೋಣ ಎಂದು ಎಳೆಯತೊಡಗಿತು. ವಾರಸುದಾರನಿಗೆ ಇನ್ನೂ ಹದಿನೆಂಟು ದಿನದ ಅವಕಾಶವಿತ್ತು.

ಹರಿದಾಸ ಪಾತ್ರೆಯನ್ನು ಬಾಯಿಯ ಮೇಲೆತ್ತಿ ಬೋರಲು ಮಾಡಿ ಕಾದ. ಬಹಳ ಹೊತ್ತಿನ ಮೇಲೆ ಒಂದು ತೊಟ್ಟು ಜಾರಿ, ತುಟಿ ತಪ್ಪಿ, ನೆಲಕ್ಕೆ ಬಿತ್ತು. ಅದನ್ನು ನಂಬರು ನೆಕ್ಕಿತು.